ಚಂದ್ರಶೇಖರ ಫೇಲಾಗಲು ಹೊರಟಿದ್ದು

ವರ್ಷಕ್ಕೊಮ್ಮೆ ಪರೀಕ್ಷಕರ ಕಣ್ಣೆದುರು ಹಾರಿ ತೋರಿಸದಿದ್ದರೆ ವಿಮಾನ ಹಾರಿಸುವ ಲೈಸೆನ್ಸ್ ರದ್ದು. ಈ ಕಾನೂನು ಮಾಡಿದ ಬಿಳಿ ದೊರೆಗಳ ಮೇಲೆ ಚಂದ್ರಶೇಖರನಿಗೆ ಬಲು ಪ್ರೀತಿ. ಏಕೆಂದರೆ ಈ ಸಲ ಅವನು ಫೇಲಾಗುವುದೆಂದು ತೀರ್ಮಾನಿಸಿದ್ದ.

ಮದ್ರಾಸಿನಲ್ಲಿ ಓದುವಾಗ ಗೆಳೆಯರ ಹುಮ್ಮಸ್ಸಿಗೆ ಬಿದ್ದು ಕಲಿತ ವಿದ್ಯೆ ಅದು. ಮೇಲೆ ಹೋದರೆ ತನಗೆ ಜೀವ ಬಾಯಿಗೆ ಬರುತ್ತದೆಂದು ಕಲಿತ ಮೇಲೆ ಗೊತ್ತಾಯಿತು. ಹೇಳುವುದು ಯಾರಿಗೆ? ಅಪ್ಪ ಬಸವರಾಜಪ್ಪನವರು ವಸ್ತಾರೆಯಿಂದ ಮೂಡಿಗೆರೆವರೆಗೆ ಸಿಕ್ಕಸಿಕ್ಕವರಿಗೆಲ್ಲ "ನಮ್ಮ ಹುಡುಗ ಪೈಲಟ್ಟು" ಎಂದು ಸಾರಿಕೊಂಡು ಬಂದಿದ್ದರು. ಪರೀಕ್ಷೆ ಹತ್ತಿರ ಬಂತೆಂದರೆ ಚಂದ್ರಶೇಖರನಿಗೆ ಅನ್ನ ಸೇರುತ್ತಿರಲಿಲ್ಲ. ಪಾಸಾದರೆ ಮುಂದಿನ ವರ್ಷ ಮತ್ತೆ ಅದೇ ನರಕ.

ಈ ಸಲ ಅಪ್ಪ ಪರೀಕ್ಷಕ ದೊರೆಯನ್ನು ವಿಮಾನದ ಸಮೇತ ವಸ್ತಾರೆ ಹತ್ತಿರದ ಹುಲ್ಲುಗಾವಲಿಗೇ ಕರೆಸಿಬಿಟ್ಟರು. ಕಾಫಿ ಕುಯ್ಲು ಬಿಟ್ಟು ಸುತ್ತಲ ತೋಟದವರೆಲ್ಲ ಬಂದು ನೆರೆದರು.

"ಚಂದ್ರಣ್ಣ, ಹೆಂಗೂ ಮೇಲೆ ಹೋಗ್ತೀರಿ," ಎಂದರು ಪಕ್ಕದ ತೋಟದ ತಿಮ್ಮಪ್ಪ. "ನಮ್ಮ ಬೇಲೀನ ಆ ಗಿಡ್ಡಪ್ಪ ಎಷ್ಟು ಒತ್ತಿದಾನೆ, ಒಂಚೂರು ನೋಡ್ಕೊಂಡ್ ಬನ್ನಿ."

"ತಡೀರಿ ಚಿಕ್ಕೆಜಮಾನ್ರೆ, ಪೂಜೆ ಇಲ್ದೆ ಗಾಡಿ ಹೊರಡ್ಬಾರ್ದು!" ಎಂದು ಮೇಸ್ತ್ರಿ ಜವರಯ್ಯ ಚಕ್ರದಡಿ ನಿಂಬೆಹಣ್ಣಿಟ್ಟ, ಮೂತಿಗೆ ಕುಂಕುಮ ಬಳಿದ. ಮುಂದಿನ ಪಂಖಕ್ಕೆ ಹಾಕಿದ್ದ ಸೇವಂತಿಗೆ ಹಾರ ಬಿಡಿಸುವಷ್ಟರಲ್ಲಿ ದೊರೆಗೆ ಸಾಕುಸಾಕಾಯಿತು. ಕೂಲಿಯಾಳು ಯಲ್ಲಮ್ಮ ಗಂಧದಕಡ್ಡಿ ಹಚ್ಚಿಕೊಂಡು ಸಿಕ್ಕಿಸಲು ಜಾಗ ಹುಡುಕಿದಳು. ರೆಕ್ಕೆಯ ಬಳಿ ಸಣ್ಣ ಕೊಳವೆಯೊಂದು ಮುಂದಕ್ಕೆ ಚಾಚಿಕೊಂಡಿತ್ತು. ಇದಕ್ಕೆಂದೇ ಇಟ್ಟಿದ್ದಾರೆ ಎಂದುಕೊಂಡು ಇಡೀ ಕಟ್ಟನ್ನು ಅದರೊಳಗೆ ಒತ್ತಿದಳು.

ಚಂದ್ರಶೇಖರ ಒಬ್ಬನೇ ಮೇಲೇರಿದ. ನಾಲ್ಕು ಸುತ್ತು ಹೊಡೆದು, ಸೊಟ್ಟಗೆ ಇಳಿದು, ಬೇಲಿಗೆ ಮೆಲ್ಲಗೆ ತಾಗಿಸಿ ಫೇಲಾಗುವುದು ಅವನ ಲೆಕ್ಕಾಚಾರ. ವೇಗದ ಮುಳ್ಳಿನತ್ತ ಕಣ್ಣು ಹಾಯಿಸಿದ. ಸೊನ್ನೆ! ಆ ಕೊಳವೆಗೆ ಗಾಳಿ ಹೊಕ್ಕರೆ ತಾನೆ ಮುಳ್ಳು ಏಳುವುದು? ತಿರುಗಿ ನೋಡಿದರೆ ಅದರ ಬಾಯಲ್ಲಿ ಗಂಧದಕಡ್ಡಿಯ ಮೋಟುಗಳು. ವೇಗ ಕಮ್ಮಿಯಾದರೆ ವಿಮಾನ ಕಲ್ಲಿನ ಹಾಗೆ ಬೀಳುತ್ತದೆ. ವೇಗ ಎಷ್ಟಕ್ಕೆ ಇಳಿದಿದೆಯೆಂದು ಹೇಳಲು ಈಗ ಮುಳ್ಳೂ ಇಲ್ಲ. ಫೇಲಾಗುವ ಆಸೆ ಮರೆತೇಹೋಯಿತು. "ವೀರಭದ್ರಾ, ಜೀವ ಒಂದು ಉಳಿಸಪ್ಪಾ" ಎಂದು ಗೋಳಾಡುತ್ತ, ರೆಕ್ಕೆಯ ತಂತಿಗಳಲ್ಲಿ ಗಾಳಿ ಮಾಡುವ ಸದ್ದಿಗೇ ಕಿವಿಗೊಟ್ಟು ವೇಗ ಅಂದಾಜಿಸುತ್ತ, ತೊಟ್ಟಿಲಿಗೆ ಕೂಸು ಮಲಗಿಸಿದಂತೆ ಇಳಿಸಿಬಿಟ್ಟ.

ದೊರೆ ಓಡಿಬಂದ. ಕೊಳವೆ ನೋಡಿ ಬಾಯಿ ಬಿಟ್ಟ. "ಮುಳ್ಳಿಲ್ಲದೆ ಹೀಗೆ ಇಳಿಸಿದವನನ್ನು ನಾನು ಕಂಡಿಲ್ಲ. ಪಾಸು!" ಎಂದು ಕೈ ಕುಲುಕಿದ. ಅಪ್ಪ ದೊರೆಯ ಹತ್ತಿರ ಏನೋ ಮಾತಾಡಿ, ಮಗನನ್ನು ಬದಿಗೆ ಕರೆದರು. ಅವರ ಕಣ್ಣು ಒದ್ದೆಯಾಗಿತ್ತು.

"ನಿಜ ಹೇಳ್ತೀನಿ ಚಂದ್ರ. ನೀನು ಮೇಲೆ ಹೋದಾಗೆಲ್ಲ ನಂಗೆ ಜೀವವೇ ಇರ್ತಿರ್ಲಿಲ್ಲ. ನಿಂಗಿಷ್ಟ ಅಂತ ಬಾಯ್ಮುಚ್ಕೊಂಡು ಊರೆಲ್ಲ ಹೊಗಳ್ಕೊಂಡ್ ಬಂದೆ. ಇವತ್ತು ನೀನು ಫೇಲಾಗ್ಲಿ ಅಂತ ಹರಕೆ ಹೊತ್ತಿದ್ದೆ ಮಾರಾಯ."

ಚಂದ್ರಶೇಖರನ ಎದೆ ಹಗುರಾಯಿತು. "ಅಪ್ಪಯ್ಯ, ನಾನೂನೂ..."

"ಸುಮ್ನಿರು. ಇಂಥ ಮಗನ್ನ ತಡಿಯಾಕೆ ನಾನ್ಯಾರು? ಈ ವಿಮಾನಾನೇ ಕೊಂಡ್ಕೊಂಡೆ, ಈಗ್ಲೇ ದೊರೆಗೆ ಮಾತು ಕೊಟ್ಟಾಯ್ತು. ವರ್ಷಕ್ಕೊಂದ್ಸಲ ಯಾಕೆ, ಇನ್ನು ದಿನಾ ಹಾರು! ಮೊದಲ್ನೇ ಸುತ್ತಿಗೆ ನಾನೇ ಬರ್ತೀನಿ."

ಆ ಮುಖ ನೋಡಿ ಸತ್ಯ ಹೇಳುವಷ್ಟು ಧೈರ್ಯ ಅವನಿಗೆ ಬರಲಿಲ್ಲ. ಬಸವರಾಜಪ್ಪನವರು ರುಮಾಲು ಬಿಗಿದುಕೊಂಡು ಮುಂದಿನ ಸೀಟು ಹತ್ತಿ ಕಣ್ಣು ಮುಚ್ಚಿದರು.

"ನಂಗೆ ಭಯ ಅಂತ ನೀನೇನೂ ಬೇಜಾರ್ ಮಾಡ್ಕೋಬೇಡ. ನಡಿ ಮಗ."

ಚಂದ್ರಶೇಖರ ಅಳುತ್ತಲೇ ಹಿಂದಿನ ಸೀಟು ಹತ್ತಿದ. ಆನಂದಕ್ಕೆ ಕಣ್ಣೀರು ಬಂತೆಂದು ಜನ ಚಪ್ಪಾಳೆ ತಟ್ಟಿದರು.