ಅಪ್ಪನ ಗಡಿಯಾರದಲ್ಲಿ ನಲವತ್ತೊಂದು ಸೆಕೆಂಡು

ಕ್ರಿಸಾಂಟೋ ಮಾಗ್ಸಿನೋನ ತಕರಾರು ಇಷ್ಟೇ. ಅವನ ಹನ್ನೊಂದು ವರ್ಷದ ಮಗಳು ಲಿಗಾಯ ಐವತ್ತು ಮೀಟರ್ ಅಂಗಾತ ಈಜನ್ನು ಅಭ್ಯಾಸದ ದಿನ ನಲವತ್ತೊಂದು ಸೆಕೆಂಡಿಗೆ ಮುಗಿಸುತ್ತಾಳೆ. ಅದೇ ಹುಡುಗಿ ಭಾನುವಾರದ ಮೀಟಿನಲ್ಲಿ, ಅಂದರೆ ಈಜುಸ್ಪರ್ಧೆಯಲ್ಲಿ, ನಾಲ್ಕೂರಿನ ಜನದೆದುರು ನಲವತ್ನಾಲ್ಕು ಮಾಡುತ್ತಾಳೆ. ನಡುವಿನ ಮೂರು ಸೆಕೆಂಡು ಎಲ್ಲಿ ಹೋಯಿತು? ನೀರು ಕುಡಿಯಿತೇ?

ಮೂರು ಸೆಕೆಂಡು ತಾನೇ ಅಂತ ನೀವು ಅನ್ನಬಹುದು. ಅನ್ನಬೇಡಿ. ಪ್ರಾಂತ್ಯದ ತಂಡಕ್ಕೆ ಸೇರಬೇಕಾದರೆ ನಲವತ್ತೆರಡೂವರೆ ಸೆಕೆಂಡಿನೊಳಗೆ ಗೋಡೆ ಮುಟ್ಟಬೇಕು, ಅದೂ ಮೀಟಿನಲ್ಲೇ ಮುಟ್ಟಬೇಕು. ಈ ವರ್ಷಕ್ಕೆ ಉಳಿದಿದ್ದು ಒಂದೇ ಮೀಟು. ಲಿಗಾಯ ಆ ತಂಡದ ನೀಲಿ ಟೋಪಿಯ ಕನಸು ಕಾಣುತ್ತಿದ್ದಳು. ಈಚೆಗೆ ಆ ಮಾತೆತ್ತುವುದನ್ನೇ ಬಿಟ್ಟಿದ್ದಳು.

ಕ್ರಿಸಾಂಟೋ ಲಿಪಾ ಪೇಟೆಯಲ್ಲಿ ತೂಕ-ಅಳತೆಯ ತಪಾಸಣೆ ಮಾಡುವವನು. ಮೀನಿನವಳು ತಕ್ಕಡಿಗೆ ಹೆಬ್ಬೆರಳು ತಾಗಿಸಿದರೆ ಹತ್ತು ಮಾರು ದೂರದಿಂದಲೇ ಹಿಡಿಯುತ್ತಿದ್ದ. ಎಲ್ಲಿಯಾದರೂ ಒಂದು ಗ್ರಾಂ ಕಾಣೆಯಾದರೆ ಅದು ಹೋದದ್ದೆಲ್ಲಿಗೆ ಅಂತ ಪತ್ತೆಯಾಗುವವರೆಗೆ ಅವನಿಗೆ ಊಟ ಸೇರುತ್ತಿರಲಿಲ್ಲ. ಅಂಥವನ ಮನೆಯಲ್ಲೇ ಮೂರು ಸೆಕೆಂಡು ಕಳವಾದರೆ ಸುಮ್ಮನಿರುತ್ತಾನೆಯೇ?

ಮೊದಲ ಅನುಮಾನ ಮೀಟು ನಡೆಯುವ ಪಕ್ಕದೂರಿನ ಕೊಳದ ಮೇಲೆ ಬಿತ್ತು. ಅದು ಇಪ್ಪತ್ತೈದು ಮೀಟರಿಗಿಂತ ಉದ್ದವಿರಲೇಬೇಕು! ಒಂದು ಬೆಳಿಗ್ಗೆ ಕಚೇರಿಯ ಟೇಪು ಹಿಡಿದು ಹೋಗಿ ಕುಕ್ಕರಗಾಲಲ್ಲಿ ಕೂತು ಅಳೆದ.

"ಏನ್ ಸಾರ್, ಕೊಳ ಕೊಂಡ್ಕೋತೀರಾ?" ಅಂದ ಕಾವಲಿನವನು.

"ಸುಮ್ನಿರಪ್ಪ, ಆ ತುದಿ ಗಟ್ಟಿಯಾಗಿ ಹಿಡ್ಕೋ."

ಸರಿಯಾಗಿ ಇಪ್ಪತ್ತೈದು ಮೀಟರ್, ಕೂದಲೆಳೆಯಷ್ಟೂ ಹೆಚ್ಚಿರಲಿಲ್ಲ. ಕ್ರಿಸಾಂಟೋ ಎರಡೂ ಕೊಳದ ನೀರನ್ನು ಬಾಟಲಿಯಲ್ಲಿ ತುಂಬಿ ತಂದು ಅಡುಗೆಮನೆಯಲ್ಲಿ ತೂಗಿದ. (ಹೌದು, ತೂಗಿದ. ಭಾರದ ನೀರಲ್ಲಿ ಈಜುವುದು ಕಷ್ಟ ಎಂಬುದು ಆ ವಾರ ಅವನ ಮಹಾಸಿದ್ಧಾಂತವಾಗಿತ್ತು.)

ಹೆಂಡತಿ ಎಡೆಲಿಸಾ ಸೌಟು ಹಿಡಿದು ನಿಂತು ನೋಡಿದಳು. "ರೀ, ನೀರು ತೂಗಾಯ್ತಲ್ಲ, ಇನ್ನು ಗಾಳೀನೂ ತೂಗ್ಬಿಡಿ. ಆಮೇಲೆ ಆ ತಕ್ಕಡಿ ತೊಳೆದಿಟ್ರೆ ನಾನು ಹಂದಿಮಾಂಸದ ಅಡೋಬೋಗೆ ಬೆಳ್ಳುಳ್ಳಿ ಹೆಚ್ಕೋತೀನಿ."

"ನಿನ್ನ ಅಡೋಬೋ ಮೇಲೂ ನಂಗೆ ಅನುಮಾನ ಇದೆ ಕಣೇ. ಮೀಟಿನ ದಿನ ಬೆಳಿಗ್ಗೆ ಆರು ಗಂಟೆಗೆ ಕೊಳದ ಪಕ್ಕ ಟೆಂಟಿನಡಿ ಕುಕ್ಕರ್ ಇಟ್ಟು ಅನ್ನ ಬಡಿಸ್ತೀಯಲ್ಲ, ಅದು ಹೊಟ್ಟೇಲಿ ಕೂತ್ಕೊಂಡ್ರೆ ಮಗು ಮುಳುಗದೆ ಇರುತ್ತಾ?"

"ಅದ್ರಲ್ಲಿ ಮೂರು ತಟ್ಟೆ ತಿನ್ನೋರು ಯಾರು? ಮಗೂನಾ, ನೀವಾ?"

ಈ ದಿಕ್ಕಿನ ತನಿಖೆ ಅಲ್ಲಿಗೇ ನಿಂತಿತು. ಉಳಿದದ್ದು ಒಂದೇ ಕಾರಣ, ಹೆದರಿಕೆ. ಮೀಟಿನ ದಿನ ಹುಡುಗಿ ಹೆದರುತ್ತಾಳೆ! ಇದನ್ನು ಅವನು ಊಟದ ಹೊತ್ತಿನಲ್ಲಿ ಘೋಷಿಸಿಯೂಬಿಟ್ಟ. ಲಿಗಾಯ ತಟ್ಟೆ ನೋಡುತ್ತಾ ಕೂತಳು.

ಕೊನೆಯ ಮೀಟಿಗೆ ಎಂಟು ದಿನವಿರುವಾಗ ಕೋಚ್ ಮಿಲಾಗ್ರೋಸ್ ತಂದೆತಾಯಂದಿರನ್ನೆಲ್ಲ ಕೊಳದ ಬಳಿ ಕರೆಸಿದಳು. ಗಿಡ್ಡ ಹೆಂಗಸು, ಆದರೆ ಅವಳು ಸೀಟಿ ಊದಿದರೆ ರಸ್ತೆಯ ಜೀಪ್ನಿ ಬಸ್ಸುಗಳೂ ನಿಲ್ಲುತ್ತಿದ್ದವು.

"ಮಕ್ಕಳು ತಯಾರಾಗಿದಾರೆ," ಅಂದಳು. "ತಯಾರಿ ಆಗ್ಬೇಕಾಗಿರೋದು ನಿಮಗೆ. ಈಜೋ ಮುಂಚೆ ಕಿವೀಲಿ ಉಪದೇಶ ಮಾಡ್ಬೇಡಿ. ಸೋತ್ರೆ ಮುಖ ಊದಿಸ್ಕೋಬೇಡಿ. ದಡದಲ್ಲಿ ಮಗು ಪಕ್ಕ ಓಡ್ಬೇಡಿ." (ಎಲ್ಲರೂ ಕ್ರಿಸಾಂಟೋನ ಕಡೆ ತಿರುಗಿದರು. ಅವನು ಹಿಂದೆ ಯಾರಿದ್ದಾರೆ ಅಂತ ತಾನೂ ತಿರುಗಿ ನೋಡಿದ.) "ಇನ್ನೊಂದು. ಮನೆಗೊಬ್ಬರು ಸಮಯ ಹಿಡಿಯೋಕೆ ನಿಲ್ಬೇಕು. ಒಂದು ಲೇನಿಗೆ ಮೂರು ಗಡಿಯಾರ, ನಡುವಿನ ಸಮಯವೇ ಲೆಕ್ಕ. ಬನ್ನಿ, ಕಲಿಸ್ತೀನಿ."

ಕ್ರಿಸಾಂಟೋ ನಕ್ಕ. ಅವನಿಗೆ ಕಲಿಸುವುದೇ! ಅಭ್ಯಾಸದ ದಿನ ಮಗಳ ಸಮಯ ಹಿಡಿಯುತ್ತಿದ್ದ ಸ್ವಂತ ಸ್ಟಾಪ್‌ವಾಚನ್ನು ಕುತ್ತಿಗೆಯಿಂದ ತೆಗೆದು ನಿಂತ. ಮೊದಲು ಯಾರದೋ ಹುಡುಗ ಈಜಿದ. ಕೋಚಿನ ಗಡಿಯಾರಕ್ಕೂ ಅವನ ಗಡಿಯಾರಕ್ಕೂ ಕಣ್ಣು ಮಿಟುಕಿಸುವಷ್ಟೂ ವ್ಯತ್ಯಾಸವಿಲ್ಲ. ಎರಡನೆಯ ಹುಡುಗಿಗೂ ಹಾಗೇ ಆಯಿತು. "ಭೇಷ್!" ಅಂದಳು ಕೋಚ್. ಅವನು ಎಡೆಲಿಸಾಳ ಕಡೆ ನೋಡಿ ಹುಬ್ಬು ಹಾರಿಸಿದ.

ಮೂರನೆಯವಳು ಲಿಗಾಯ. ಕೋಚಿನ ಗಡಿಯಾರ ನಲವತ್ಮೂರೂವರೆ ಅಂದಿತು. ಎಡೆಲಿಸಾಳ ಕೈಗೆ ಕೊಟ್ಟಿದ್ದ ಗಡಿಯಾರವೂ ಅಷ್ಟೇ ಅಂದಿತು. ಕ್ರಿಸಾಂಟೋನದು ಮಾತ್ರ ನಲವತ್ತೊಂದಕ್ಕೆ ನಿಂತಿತ್ತು.

"ನಿಮ್ಮಿಬ್ಬರ ವಾಚೂ ಕೆಟ್ಟಿದೆ," ಅಂದ.

ವಾಚುಗಳನ್ನು ಅದಲುಬದಲು ಮಾಡಿದರು. ಮಗು ಸುಧಾರಿಸಿಕೊಂಡು ಮತ್ತೆ ಈಜಿತು. ಈ ಸಲ ಕೋಚಿನ ಗಡಿಯಾರವೇ ಅವನ ಕೈಯಲ್ಲಿ ನಲವತ್ತೊಂದು ತೋರಿಸಿತು! ಕ್ರಿಸಾಂಟೋಗೆ ಮೈ ಜುಮ್ಮೆಂದಿತು. ಗಡಿಯಾರ ಸರಿ, ಕೊಳ ಸರಿ, ನೀರು ಸರಿ. ಹಾಗಾದರೆ ಇದೇನು ಮಾಯೆ?

"ನಾನು ಫೋನಲ್ಲಿ ವಿಡಿಯೋ ತೆಗ್ದಿದೀನಿ," ಅಂದಳು ಎಡೆಲಿಸಾ. "ಮಗೂದಲ್ಲ, ನಿಮ್ಮದು."

ಎಲ್ಲರೂ ಫೋನಿಗೆ ಮುಗಿಬಿದ್ದರು. ಅಂಗಾತ ಈಜುವವರಿಗೆ ಗೋಡೆ ಹತ್ತಿರ ಬಂತೆಂದು ತಿಳಿಯಲು ಐದು ಮೀಟರ್ ಮೊದಲೇ ನೀರಿನ ಮೇಲೆ ಬಾವುಟಗಳ ಸಾಲು ಕಟ್ಟಿರುತ್ತಾರಲ್ಲ, ವಿಡಿಯೋದಲ್ಲಿ ಲಿಗಾಯಳ ತಲೆ ಅದರ ಕೆಳಗೆ ಬಂತು. ಆಗ ಕ್ರಿಸಾಂಟೋ ಕಣ್ಣು ಮುಚ್ಚಿ, ಹಲ್ಲು ಕಚ್ಚಿ, "ಬಂದ್ಬಿಡೇ ನನ್ನವ್ವಾ" ಅನ್ನುತ್ತಾ ಗುಂಡಿ ಒತ್ತಿಬಿಟ್ಟ. ಮಗು ಗೋಡೆ ಮುಟ್ಟಿದ್ದು ಅದೆಷ್ಟೋ ಹೊತ್ತಿನ ಮೇಲೆ.

"ಇದೇ ಹೆಬ್ಬೆರಳು ಮೀನಿನಂಗಡೀಲಿ ಸಿಕ್ಕಿದ್ರೆ ನೀವು ಬಿಡ್ತಿದ್ರಾ ಸಾರ್?" ಅಂದಳು ಕೋಚ್.

ಜನ ಹೊಟ್ಟೆ ಹಿಡಿದು ನಕ್ಕರು. ಲಿಗಾಯ ಮಾತ್ರ ನಗಲಿಲ್ಲ. ಟವಲು ಹೊದ್ದು ಬಂದು ಅಪ್ಪನ ಮುಂದೆ ನಿಂತಳು.

"ಹಂಗಾದ್ರೆ ನಾನು ನಲವತ್ತೊಂದು ಯಾವತ್ತೂ ಈಜೇ ಇಲ್ವಾ?"

"ಇಲ್ಲ ಪುಟ್ಟಿ."

"ಮೀಟಲ್ಲಿ ಹೆದರ್ಕೊಂಡು ಹಾಳು ಮಾಡ್ತಾನೂ ಇರ್ಲಿಲ್ವಾ?"

"ಇಲ್ಲಮ್ಮಾ. ನಿನ್ನದೇನೂ ತಪ್ಪಿರ್ಲಿಲ್ಲ."

ಹುಡುಗಿ ಒಂದು ದೊಡ್ಡ ಉಸಿರು ಬಿಟ್ಟಳು. "ಸದ್ಯ! ನಾನು ಪುಕ್ಕಲಿ ಅಂದ್ಕೊಂಡ್ಬಿಟ್ಟಿದ್ದೆ," ಅಂದವಳೇ ಹೋಗಿ ಮತ್ತೆ ನೀರಿಗೆ ಹಾರಿದಳು. ಕ್ರಿಸಾಂಟೋಗೆ ನಾಚಿಕೆಯಲ್ಲಿ ಆ ರಾತ್ರಿ ಅಡೋಬೋ ಕೂಡ ಒಂದೇ ತಟ್ಟೆ ಇಳಿಯಿತು.

ಮೀಟಿನ ದಿನ ಬಂತು. ಲಿಗಾಯಳ ತೋಳಿನ ಮೇಲೆ ಅವಳ ಲೇನನ್ನು ಎಡೆಲಿಸಾ ಕಪ್ಪು ಮಸಿಯಲ್ಲಿ ಬರೆದಳು: ನಾಲ್ಕನೆಯ ಲೇನ್. ಕ್ರಿಸಾಂಟೋನನ್ನು ಕೋಚ್ ಏಳನೆಯ ಲೇನಿಗೆ ನಿಲ್ಲಿಸಿದಳು.

"ನಿಮ್ಮ ಕಣ್ಣು ಏಳರ ಗೋಡೆ ಮೇಲೆ. ಬಾಯಿ ಬಂದ್. ನಾಲ್ಕರ ಕಡೆ ತಿರುಗಿದ್ರೆ ಏಳರ ಮಗೂ ಸಮಯ ಹಾಳು. ಅದಕ್ಕೂ ಒಬ್ಬ ಅಪ್ಪ ಇದಾನೆ."

ಕೊನೆಯ ಮಾತು ಅವನಿಗೆ ನಾಟಿತು. ಸೀಟಿ ಬಿತ್ತು. ಟೆಂಟುಗಳಿಂದ ಗದ್ದಲ ಎದ್ದಿತು. ಯಾರೋ "ನಾಲ್ಕು! ನಾಲ್ಕು ನೋಡ್ರೋ!" ಅಂತ ಕಿರುಚಿದರು. ಅಯ್ಯೋ, ನಾಲ್ಕಕ್ಕೆ ಏನಾಯ್ತು? ಮುಂದಿದ್ದಾಳೋ, ಹಿಂದಿದ್ದಾಳೋ? ಕುತ್ತಿಗೆ ತಾನೇ ತಾನಾಗಿ ಎಡಕ್ಕೆ ಹೊರಟಿತು. ಕ್ರಿಸಾಂಟೋ ಅದನ್ನು ಎಳೆದು ತಂದ. ಏಳನೆಯ ಲೇನಿನ ಗೋಡೆಯಲ್ಲಿ ಒಂದು ಒಡೆದ ಹೆಂಚಿತ್ತು. ಅದನ್ನೇ ನೋಡುತ್ತಾ ನಿಂತ. ಈಜುತ್ತಿದ್ದ ಮಗು ಬಾವುಟ ದಾಟಿತು, ಅವನು ಒತ್ತಲಿಲ್ಲ. ತೆಳ್ಳನೆಯ ಒಂದು ಕೈ ಬಂದು ಹೆಂಚು ತಟ್ಟಿತು. ಆಗ ಒತ್ತಿದ.

ಮೂರು ಗಡಿಯಾರಗಳ ನಡುವಿನ ಸಮಯ ಅವನದೇ ಆಯಿತು, ನಲವತ್ತೇಳು ಚಿಲ್ಲರೆ. ಬರೆದುಕೊಟ್ಟು ತಿರುಗುವಷ್ಟರಲ್ಲಿ ನಾಲ್ಕನೆಯ ಲೇನ್ ಖಾಲಿಯಾಗಿತ್ತು.

"ನಿಮ್ಮ ಮಗಳೇನ್ರೀ ಅದು!" ಅಂದ ಪಕ್ಕದವನು. "ಕೊನೇ ಹತ್ತು ಮೀಟರ್ ಏನ್ ಬಂದ್ಳು! ನೀವು ನೋಡ್ಲಿಲ್ವಾ?"

ನಲವತ್ತೆರಡು ದಶಾಂಶ ಮೂರು. ನಲವತ್ತೆರಡೂವರೆಯ ಗಡಿಗಿಂತ ಕೂದಲೆಳೆಯಷ್ಟು ಒಳಗೆ. ಒದ್ದೆ ಕಾಲಲ್ಲೇ ಲಿಗಾಯ ಓಡಿ ಬಂದಳು.

"ಅಪ್ಪಾ, ನೋಡಿದ್ಯಾ?"

ಹೌದು ಅನ್ನಲು ಬಾಯಿ ತೆರೆದ. ಮುಚ್ಚಿದ. "ಇಲ್ಲ ಪುಟ್ಟಿ. ಏಳರ ಗೋಡೆ ನೋಡ್ತಿದ್ದೆ."

"ಒಂದ್ಸಲಾನೂ?"

"ಒಂದ್ಸಲಾನೂ ಇಲ್ಲ."

ಅಳುತ್ತಾಳೇನೋ ಅಂದುಕೊಂಡ. ಅವಳು ಚಪ್ಪಾಳೆ ತಟ್ಟಿದಳು. "ಅದಕ್ಕೇ ಮತ್ತೆ! ನಾನು ಅಂಗಾತ ಈಜ್ತಿರ್ಬೇಕಾದ್ರೆ ನೀನು ಪಕ್ಕದಲ್ಲಿ ಓಡೋದು ಕಾಣುತ್ತಲ್ಲಪ್ಪ. ಎಲ್ಲಿ ಜಾರಿ ಬೀಳ್ತೀಯೋ ಅಂತ ನಿನ್ನೇ ನೋಡ್ತಾ ಈಜ್ತಿದ್ದೆ. ಇವತ್ತು ಬರೀ ಆಕಾಶ ಇತ್ತು!"

ಅಷ್ಟರಲ್ಲೇ ಕೋಚ್ ಕಾಗದ ಹಿಡಿದು ಬಂದಳು. ಪ್ರಾಂತ್ಯದ ತಂಡ ಹೋಗುವ ದೊಡ್ಡ ಮೀಟಿಗೆ ಕ್ಲಬ್ಬಿನಿಂದ ಸಮಯ ಹಿಡಿಯುವವರು ಬೇಕಂತೆ. ಅವನು ಮಾತಾಡುವ ಮುಂಚೆ ಮಗಳೇ ಹೇಳಿದಳು, "ಕೋಚ್, ನಮ್ಮಪ್ಪನ ಹೆಸರು ಬರ್ಕೊಳ್ಳಿ. ನನ್ನ ಲೇನಿಂದ ಎಷ್ಟು ದೂರ ಆಗುತ್ತೋ ಅಷ್ಟು ದೂರ."

ಕ್ರಿಸಾಂಟೋ ಸಹಿ ಹಾಕಿದ. ದೊಡ್ಡ ಮೀಟು ನಡೆಯುವುದು ಬೇರೆ ದ್ವೀಪದಲ್ಲಿ. ರಜೆ ಹಾಕಿ, ಒಂದಿಡೀ ದಿನ ಹಡಗಿನಲ್ಲಿ ವಾಂತಿ ಮಾಡಿಕೊಂಡು ಹೋಗಿ, ಅವನು ನೋಡಿ ಬರಬೇಕಾಗಿರುವುದು ಇನ್ಯಾರದೋ ಮಗು ಗೋಡೆ ಮುಟ್ಟುವುದನ್ನು.