ಕೂಸಿನ ಟೊಪ್ಪಿಯ ಅಧಿಕೃತ ವಿಧಾನ

ಹುಟ್ಟಿದ ಮಗುವಿಗೆ ತಲೆಯಿರುತ್ತದೆ ಎಂಬುದನ್ನು ನಮ್ಮ ಸಮಿತಿ ಮೊದಲನೇ ಸಭೆಯಲ್ಲೇ ಸರ್ವಾನುಮತದಿಂದ ಒಪ್ಪಿಕೊಂಡಿತು. ಆ ತಲೆಗೆ ಹಾಕುವ ಟೊಪ್ಪಿಯನ್ನು ನಕ್ಷೆ ನೋಡಿ ಹೆಣೆಯಬೇಕೋ, ಬರಹ ಓದಿ ಹೆಣೆಯಬೇಕೋ ಎಂಬ ಎರಡನೆಯ ಅಂಶಕ್ಕೆ ಮಾತ್ರ ಹದಿನಾಲ್ಕು ಸಭೆ ಹಿಡಿಯಿತು. ಸಮಿತಿಯ ಕಾರ್ಯದರ್ಶಿ ನಾನೇ ಆದ್ದರಿಂದ ಇದರಲ್ಲಿ ಒಂದಕ್ಷರವೂ ಉತ್ಪ್ರೇಕ್ಷೆಯಲ್ಲ.

ಅದಕ್ಕೂ ಮುಂಚೆ ನಮ್ಮ ಆಸ್ಪತ್ರೆಯಲ್ಲಿ ಅವ್ಯವಸ್ಥೆ ತಾಂಡವವಾಡುತ್ತಿತ್ತು. ಬಟ್ಟೆಕೋಣೆಯಲ್ಲಿ ಕೆಲಸ ಮಾಡುವ ಹೆಂಗಸೊಬ್ಬರು, ಎಲ್ಲರ ಬಾಯಲ್ಲೂ ದೊಡ್ಡಮ್ಮ, ಬಿಡುವಾದಾಗಲೆಲ್ಲ ಕ್ರೋಶಾ ಕಡ್ಡಿ ಹಿಡಿದು ಅರ್ಧ ಗಂಟೆಗೊಂದು ಟೊಪ್ಪಿ ಹೆಣೆದು, ಹುಟ್ಟಿದ ಮಕ್ಕಳಿಗೆ ಹಾಕಿಬಿಡುತ್ತಿದ್ದರು. ಅರ್ಜಿಯಿಲ್ಲ, ಸಹಿಯಿಲ್ಲ. ಮಕ್ಕಳು ಬೆಚ್ಚಗಿದ್ದವು, ನಿಜ. ಆದರೆ ಯಾವ ಆಧಾರದ ಮೇಲೆ ಬೆಚ್ಚಗಿದ್ದವು ಎಂದು ಕೇಳಿದರೆ ಹೇಳುವವರೇ ಇರಲಿಲ್ಲ.

ಸರಿ, ದೊಡ್ಡಮ್ಮ ಹೆಣೆಯುವುದನ್ನು ದಾಖಲಿಸಲು ಅವರ ಬಲಕ್ಕೆ ನಕ್ಷೆಗಾರರನ್ನೂ ಎಡಕ್ಕೆ ಬೆರಳಚ್ಚುಗಾರ್ತಿಯನ್ನೂ ಕೂರಿಸಿದೆವು. ನಕ್ಷೆಗಾರರು ಸೊನ್ನೆ, ಗೀಟು, ಅಡ್ಡಗೀಟುಗಳಿಂದ ಒಂದು ಚಕ್ರ ಬರೆದರು. ಬೆರಳಚ್ಚುಗಾರ್ತಿ ‘ಆರು ಸರಪಳಿ ಹಾಕಿ ಸುತ್ತು ಕೂಡಿಸತಕ್ಕದ್ದು, ತದನಂತರ ಪ್ರತಿ ಕುಣಿಕೆಯಲ್ಲಿ ಎರಡೆರಡು ಕಂಬ ಎಬ್ಬಿಸತಕ್ಕದ್ದು’ ಎಂದು ಶುರುಮಾಡಿ ಒಂಬತ್ತು ಪುಟ ಹೊಡೆದರು. ಎರಡರಲ್ಲಿ ಒಂದನ್ನು ಆರಿಸುವವರೆಗೆ ಆವರಣದೊಳಗೆ ಯಾರೂ ಕಡ್ಡಿ ಹಿಡಿಯಕೂಡದು, ಹೊರಗೆ ಹೆಣೆದದ್ದು ಒಳಗೆ ಬರಕೂಡದು ಎಂದು ಸುತ್ತೋಲೆ ಹೊರಟಿತು. ದೊಡ್ಡಮ್ಮನ ಕಡ್ಡಿ ಬೀರು ಸೇರಿತು.

“ಸ್ವಾಮಿ, ನನ್ ಮಗಳಿಗೆ ದಿನ ತುಂಬ್ತಾ ಇದೆ. ಇಲ್ಲೇ ಹೆರಿಗೆ. ಒಂದೇ ಒಂದು ಟೊಪ್ಪಿ ಹೆಣ್ಕೊಂಡು ಕಡ್ಡಿ ವಾಪಸ್ ಕೊಟ್ಬಿಡ್ತೀನಿ.”

“ಅವಸರ ಯಾಕಮ್ಮ? ನಿರ್ಣಯ ಬರ್ಲಿ. ಮಗು ಎಲ್ಲಿಗ್ ಹೋಗುತ್ತೆ?” ಎಂದು ಅಧ್ಯಕ್ಷರು ಧೈರ್ಯ ಹೇಳಿದರು.

ಚರ್ಚೆ ಕಾವೇರಿತು. ನಕ್ಷೆಯಲ್ಲಿ ಇಡೀ ಟೊಪ್ಪಿ ಒಂದೇ ನೋಟಕ್ಕೆ ಕಾಣುತ್ತದೆ ಎಂದರು ಒಂದು ಪಕ್ಷದವರು. ಕಂಡು ಏನು ಬಂತು, ಎಲ್ಲಿಂದ ಶುರುಮಾಡುವುದು ಎಂದರು ಬರಹದ ಪಕ್ಷದವರು. ಮೂರು ಸಭೆ ನಕ್ಷೆಯನ್ನು ತಲೆಕೆಳಗಾಗಿ ಹಿಡಿದೇ ಚರ್ಚಿಸಿದ್ದೆವೆಂದು ಆಮೇಲೆ ತಿಳಿಯಿತು. ಚಕ್ರವಾದ್ದರಿಂದ ಯಾರ ವಾದಕ್ಕೂ ಧಕ್ಕೆಯಾಗಲಿಲ್ಲ.

ಒಂಬತ್ತನೇ ಸಭೆಯಲ್ಲಿ ಪರೀಕ್ಷೆ, ಅದಕ್ಕೆಂದೇ ಕಡ್ಡಿ ಬೀರುವಿನಿಂದ ಹೊರಬಂತು. ದೊಡ್ಡಮ್ಮ ನಕ್ಷೆಯ ಮುಂದೆ ಕೂತು ಒಂದು ಟೊಪ್ಪಿ, ಬರಹದ ಮುಂದೆ ಕೂತು ಇನ್ನೊಂದು ಹೆಣೆದರು. ಎರಡೂ ಅವಳಿ ಜವಳಿ. ಅಧ್ಯಕ್ಷರ ಮುಖ ಬಿಳಿಚಿಕೊಂಡಿತು. ವ್ಯತ್ಯಾಸವೇ ಇಲ್ಲದಿದ್ದರೆ ಆರಿಸುವುದೇನನ್ನು? ಆರಿಸುವುದೇನೂ ಇಲ್ಲದಿದ್ದರೆ ನಾವೆಲ್ಲ ಯಾಕೆ?

“ನೀವು ನಕ್ಷೆ ನೋಡಿದ್ರೋ ಇಲ್ವೋ?” ಎಂದು ಅಧ್ಯಕ್ಷರು ಕೇಳಿದರು.

“ಇಲ್ಲ ಸ್ವಾಮಿ. ಕೈಗೆ ಗೊತ್ತಲ್ಲ.”

“ಮತ್ತೆ ಬರಹ?”

“ಕನ್ನಡಕ ಮನೇಲಿದೆ.”

ಇಂಥ ದ್ರೋಹವನ್ನು ನಾನು ನನ್ನ ಸೇವಾವಧಿಯಲ್ಲಿ ಕಂಡಿರಲಿಲ್ಲ. ಸಿಟ್ಟಿನಲ್ಲಿ ನಡಾವಳಿಯ ಮೇಲೆ ಶಾಯಿ ಚೆಲ್ಲಿದೆ. ಎರಡೂ ಟೊಪ್ಪಿಗಳನ್ನು ಅರಗಿನ ಮುದ್ರೆ ಹಾಕಿ ಸಾಕ್ಷ್ಯವೆಂದು ಎತ್ತಿಟ್ಟೆವು. ಬಲ್ಲವರಿಂದ ಪರೀಕ್ಷೆ ಕೆಡುತ್ತದೆ. ಅರಿಯದವರನ್ನು ಕೂರಿಸೋಣವೆಂದರೆ, ಅಧ್ಯಕ್ಷರ ಭಾವಮೈದ ಮೂರು ದಿನ ಕೂತು, ಕಡ್ಡಿ ಸಮೇತ ತಮ್ಮ ಹೆಬ್ಬೆರಳನ್ನೇ ಹೆಣೆದುಕೊಂಡರು. ಹಾಗಾಗಿ ಏಳನೇ ನಿಯಮ ಹುಟ್ಟಿತು: ‘ಬಲ್ಲವರು ಮರೆತ ಮೇಲಷ್ಟೇ ಅರ್ಹರು.’

ಮರೆವಿನ ಪ್ರಮಾಣಪತ್ರ ಕೊಡುವ ಹೊಣೆ ಮೂಳೆ ವೈದ್ಯರಿಗೆ ಬಿತ್ತು, ಅವರ ಕೋಣೆ ಖಾಲಿಯಿತ್ತು. ಮೇಜಿನ ಮೇಲೆ ಉಣ್ಣೆಯ ಉಂಡೆ ಇಡುವುದು. ಅಭ್ಯರ್ಥಿಯ ಬೆರಳು ಅಲ್ಲಾಡಕೂಡದು. ದೊಡ್ಡಮ್ಮ ಎರಡು ಸಲ ನಪಾಸು. ಕಡ್ಡಿ ಬೇಗ ಸಿಗಲೆಂಬ ಆಸೆಗೆ ಮೂರನೇ ಸಲ ಎರಡೂ ಕೈ ತೊಡೆಯಡಿ ಇಟ್ಟುಕೊಂಡು ಕೂತು ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದರು. ‘ನೆನಪಾದಲ್ಲಿ ಕೂಡಲೇ ಕಚೇರಿಗೆ ತಿಳಿಸತಕ್ಕದ್ದು’ ಎಂದು ಪತ್ರದ ಕೆಳಗೆ ನಾನೇ ಸೇರಿಸಿದೆ.

ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಮಗಳು ಹೆತ್ತಳು. ಹೆಣ್ಣುಮಗು. ಕಿಟಕಿಯ ಗಾಜು ಒಡೆದಿತ್ತು, ಗಾಳಿ ಚುರುಕಾಗಿತ್ತು. ಸಮಿತಿ ತುರ್ತಾಗಿ ವಾರ್ಡಿನಲ್ಲೇ ಸೇರಿತು.

“ಕಡ್ಡಿ ಕೊಡಿ ಸ್ವಾಮಿ, ಅರ್ಧ ಗಂಟೆ ಸಾಕು,” ಎಂದರು ದೊಡ್ಡಮ್ಮ.

“ನಿಮಗೆ ಮರ್ತು ಹೋಗಿದೆಯಲ್ಲಮ್ಮ!” ಅಧ್ಯಕ್ಷರು ಪ್ರಮಾಣಪತ್ರ ತೋರಿಸಿದರು.

ದೊಡ್ಡಮ್ಮ ಮುದ್ರೆಯನ್ನು ಹತ್ತಿರದಿಂದ ನೋಡಿದರು. “ಹೌದಲ್ವಾ,” ಎಂದರು.

ಆಗ ಅಧ್ಯಕ್ಷರಿಗೆ ಹೊಳೆಯಿತು. “ನಕ್ಷೆಯಾಗ್ಲಿ ಬರಹವಾಗ್ಲಿ, ಟೊಪ್ಪಿ ಮಾದರಿಗೆ ತಕ್ಕ ಹಾಗಿರ್ಬೇಕು, ಅಷ್ಟೇ ತಾನೆ? ಮಾದರಿಗಿಂತ ಮಾದರಿಗೆ ತಕ್ಕದ್ದು ಇನ್ಯಾವುದ್ರೀ ಇದೆ?”

ಹಾಳೆಯ ಒಂದು ಬದಿಗೆ ನಕ್ಷೆ, ಇನ್ನೊಂದು ಬದಿಗೆ ಒಂಬತ್ತು ಪುಟದ ಬರಹವನ್ನು ಇರುವೆಯಷ್ಟು ಅಕ್ಷರಕ್ಕೆ ಇಳಿಸಿ ಅಚ್ಚು ಹಾಕಿ, ಮಡಿಚಿ, ಕೂಸಿನ ತಲೆಗೆ ಏರಿಸಿದೆವು. ತಮ್ಮದು ಲೋಕಕ್ಕೆಲ್ಲ ಕಾಣುತ್ತದೆಂದು ನಕ್ಷೆಯವರು ಹಿಗ್ಗಿದರು. ತಮ್ಮದು ನೇರ ತಲೆಗೇ ಹೋಗುತ್ತದೆಂದು ಬರಹದವರು. ಎರಡೂ ಪಕ್ಷ ತಬ್ಬಿಕೊಂಡು ಅತ್ತವು. ನಾನೂ ಅತ್ತೆ. ಟೊಪ್ಪಿ ಸರಬರ ಸದ್ದು ಮಾಡುತ್ತಿತ್ತು.

“ಕಿವಿ ಮುಚ್ಚಿಲ್ಲ,” ಎಂದಳು ಬಾಣಂತಿ.

“ಕಿವಿ ನಮ್ಮ ವ್ಯಾಪ್ತಿಗೆ ಬರಲ್ಲಮ್ಮ,” ಎಂದರು ಅಧ್ಯಕ್ಷರು.

ದೊಡ್ಡಮ್ಮ ಮಂಚದ ಪಕ್ಕ ಕೂತು, ಮೊಮ್ಮಗಳ ಎರಡು ಕಿವಿಗೂ ಎರಡು ಅಂಗೈ ಒತ್ತಿಹಿಡಿದರು. ಮಗು ಅಳು ನಿಲ್ಲಿಸಿತು. ಕೈ ತೆಗೆದರೆ ಮತ್ತೆ ಅಳು. ಹಾಗಾಗಿ ಅವರು ತೆಗೆಯಲೇ ಇಲ್ಲ. ಎರಡು ಕೈಯೂ ಹೀಗೆ ಕಾಯಂ ಆಗಿ ಕೆಲಸಕ್ಕೆ ಬಿದ್ದಿರುವುದರಿಂದ ಅವರು ಇನ್ನು ಹೆಣೆಯುವ ಅಪಾಯವಿಲ್ಲವೆಂದು ಸಮಿತಿ ದಾಖಲಿಸಿತು. ಎಲ್ಲರಿಗೂ ಸಮಾಧಾನವಾಯಿತು. ಸಹಿಗೆ ಕೈ ಬಿಡುವಿಲ್ಲದ ಕಾರಣ ದೊಡ್ಡಮ್ಮ ಬಾಯಲ್ಲೇ ಒಪ್ಪಿಗೆಯೆಂದರು.