ಮೊದ್ಲ ಕೈ ತೋರಸ್ರಿ

ಕಿವಿ, ಮೂಗು, ಗಂಟಲಿನ ಡಾಕ್ಟರರ ಹತ್ತಿರ ಕೆಲಸಕ್ಕೆ ಸೇರುವವರೆಗೂ ನಾನು ಜನರನ್ನು ನಂಬುತ್ತಿದ್ದೆ. ಯಾರಿಗೆ ಎಷ್ಟು ಕಿವಿ ಕೇಳುತ್ತದೆ ಎಂದು ಪರೀಕ್ಷೆ ಮಾಡುವುದು ನನ್ನ ಕೆಲಸ. ನಮ್ಮ ದವಾಖಾನೆ ಯಾದಗಿರಿಯಲ್ಲಿದೆ. ವಾರಕ್ಕೊಮ್ಮೆ ಶಹಾಪುರಕ್ಕೂ ಸುರಪುರಕ್ಕೂ ಹೋಗುತ್ತೇವೆ. ಕಾಲಿನ ಗಾಯವಾದರೆ ಕಣ್ಣಿಗೆ ಕಾಣುತ್ತದೆ. ತನ್ನ ಕಿವಿಯೊಳಗೆ ತಾನು ಇಣುಕಿ ನೋಡಿದವರು ಯಾರಿದ್ದಾರೆ? ಹಾಗಾಗಿ ನಮ್ಮಲ್ಲಿಗೆ ಬರುವವರಿಗೆ ಡಾಕ್ಟರರ ಮೇಲೆ, ಮಷೀನಿನ ಮೇಲೆ, ಜೊತೆಗೆ ಬಂದವರ ಮೇಲೆ, ಎಲ್ಲರ ಮೇಲೂ ಸಂಶಯ. ಈಗ ಆ ರೋಗ ನನಗೂ ಅಂಟಿದೆ.

ಕಿವಿಯೊಳಗಿನ ಕಲ್ಲು

ಬಳಿಚಕ್ರ ಎಂಬ ಊರಿನ ರೈತರೊಬ್ಬರು ಎಡಗಿವಿ ಬಂದಾಗಿದೆ ಎಂದು ಬಂದರು. ಡಾಕ್ಟರರು ಚಿಮಟ ಕೈಗೆತ್ತಿಕೊಂಡರೆ, ಇವರು ಕಿವಿಗೆ ಅಂಗೈ ಅಡ್ಡ ಹಿಡಿದರು.

"ಮೊದ್ಲ ಕೈ ತೋರಸ್ರಿ."

ಡಾಕ್ಟರರು ಎರಡೂ ಕೈ ತೋರಿಸಿದರು.

"ತೋಳು ಮ್ಯಾಲ ಮಾಡ್ರಿ."

ಪಾಪ, ಅದನ್ನೂ ಮಾಡಿದರು. ವಿಷಯ ಏನೆಂದರೆ, ಹಿಂದೊಮ್ಮೆ ಸಂತೆಯಲ್ಲಿ ಕಿವಿ ಸ್ವಚ್ಛ ಮಾಡುವವನೊಬ್ಬ ಇವರ ಕಿವಿಯಿಂದ ಒಂದರ ಹಿಂದೆ ಒಂದು ಕಲ್ಲು ತೆಗೆದು ತೋರಿಸಿದ್ದನಂತೆ. "ಅಷ್ಟು ಕಲ್ಲು ಬರಾಕ ಅದು ನನ್ನ ಕಿವೀನೋ, ಹೊಲಾನೋ? ಆವಾಗಿಂದ ನಾ ಯಾರನ್ನೂ ನಂಬೂದಿಲ್ರಿ" ಎಂದರು.

ಕಿವಿಯಿಂದ ಬಂದದ್ದು ಅರಳೆಯ ಉಂಡೆ. ಎಂದೋ ನೆಗಡಿಯಾದಾಗ ಬೆಳ್ಳುಳ್ಳಿ ಕಾಯಿಸಿದ ಎಣ್ಣೆಯಲ್ಲಿ ಅದ್ದಿ ಇಟ್ಟು ಮರೆತದ್ದು. ಎಣ್ಣೆ, ಅರಳೆ, ಕಡ್ಡಿ ಯಾವುದನ್ನೂ ಕಿವಿಗೆ ಹಾಕಬೇಡಿ ಎಂದು ನಾವು ಹೇಳಿ ಹೇಳಿ ಸಾಕಾಗಿದ್ದೇವೆ. ಇವರು ಅದನ್ನು ಮೂಸಿ ನೋಡಿ, "ಬಳ್ಳೊಳ್ಳಿ ವಾಸನಿ. ಎಣ್ಣಿ ನಮ್ಮ ಮನೀದ ಅದ" ಎಂದು ಒಪ್ಪಿಕೊಂಡರು. ಫ್ಯಾನಿನ ಸದ್ದು ಕೇಳಿ ಹೌಹಾರಿದರು. ಆಮೇಲೆ ಆ ಉಂಡೆಯನ್ನು ಕಾಗದದಲ್ಲಿ ಕಟ್ಟಿಕೊಂಡರು. ಕೇಳಿದರೂ ಕೇಳದ ಹಾಗೆ ಕೂರುತ್ತೀರಿ ಎಂದು ಹೆಂಡತಿ ದಿನಾ ಜಗಳ ತೆಗೆಯುತ್ತಿದ್ದರಂತೆ, ಸಾಕ್ಷಿಗೆ ಬೇಕು. ಬಾಗಿಲವರೆಗೆ ಹೋದವರು ತಿರುಗಿ ಬಂದು ಡಾಕ್ಟರರ ಹತ್ತಿರ ಬಗ್ಗಿದರು.

"ಆದ್ರ ಸಾಹೇಬ್ರ, ಈಗ ಪೂರಾ ಕೇಳ್ತದ ಅಂತ ಚೀಟ್ಯಾಗ ಬರೀಬ್ಯಾಡ್ರಿ."

ಹೆಪ್ಪು ನಿಂತ ಕಾರಣ

ಶಹಾಪುರದಲ್ಲಿ ಒಂದು ದಿನ ದೋರನಹಳ್ಳಿಯ ಅಜ್ಜಿಯೊಬ್ಬಳು ಮೊಮ್ಮಗಳನ್ನು ಕರೆದುಕೊಂಡು ಬಂದಳು. ಜೊತೆಗೆ ಪಕ್ಕದ ಮನೆಯ ಹೆಂಗಸೂ ಬಂದಿದ್ದಳು. ಮಗುವಿನ ಮೂಗಿನ ಒಂದೇ ಹೊಳ್ಳೆ ಸೋರುತ್ತದೆ, ನಾರುತ್ತದೆ. ಅಷ್ಟು ಕೇಳಿದರೆ ನಮಗೆ ಅರ್ಧ ಗೊತ್ತಾಗುತ್ತದೆ, ಒಳಗೆ ಏನೋ ಸೇರಿಕೊಂಡಿದೆ. ಪಕ್ಕದ ಮನೆಯವಳನ್ನು ಹೊರಗೆ ಕೂರಿಸಿ, ಡಾಕ್ಟರರು ಮೆಲ್ಲಗೆ ಕೊಕ್ಕೆ ಹಾಕಿ ಎಳೆದರು. ಬಂದದ್ದು ಬಂಗಾರದ ಗುಂಡು!

ಅಜ್ಜಿಗೆ ಖುಷಿಯಾಗಬೇಕಿತ್ತು. ಮುಖ ಸಣ್ಣದಾಯಿತು. ತಾಳಿಸರದಿಂದ ಕಳಚಿ ಬಿದ್ದ ಆ ಗುಂಡು ಸಿಗದಿದ್ದಾಗ, ಅವಳ ಅನುಮಾನವೆಲ್ಲ ಹೊರಗೆ ಕುಳಿತವಳ ಮೇಲೇ ಇತ್ತಂತೆ. ಬಾಯಿ ಬಿಟ್ಟು ಅಂದಿರಲಿಲ್ಲ. ಮೊಸರಿಗೆ ಹೆಪ್ಪು ಕೊಡುವುದನ್ನು ಮಾತ್ರ ನಿಲ್ಲಿಸಿದ್ದಳು.

"ಬಾಯಾರ, ಆಕಿ ಕೇಳಿದ್ರ ಕಡ್ಲಿ ಬಂತಂತ ಹೇಳ್ರಿ" ಎಂದು ನನ್ನ ಕೈ ಹಿಡಿದಳು. ಈ ಕಡೆ ಮೇಡಂಗೆ ಬಾಯಾರು ಎನ್ನುತ್ತಾರೆ.

ನಾನು ಹೊರಗೆ ಹೋಗಿ, ಮೂಗಿನಲ್ಲಿ ಇದ್ದದ್ದು ಕಡಲೆಕಾಳು ಎಂದೆ. ಆ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಸುಳ್ಳ ಯಾಕ ಹೇಳ್ತೀರಿ? ಗುಂಡು ಬಂತಿಲ್ಲೋ? ಅದು ಆ ಕೂಸಿನ ಮೂಗಿನ್ಯಾಗ ಅದ ಅಂತ ನನಗ ಅನುಮಾನ ಇತ್ತು. ಇಲ್ಲಾಂದ್ರ ಹೊಲದ ಕೆಲಸ ಬಿಟ್ಟು ನಾ ಯಾಕ ಬೆನ್ನ ಹತ್ತಿ ಬರ್ತಿದ್ದೆ?"

ಕುರಿ ಯಾರ ಕೈಯಲ್ಲಿ?

ಸುರಪುರದ ಆ ಮುದುಕರನ್ನು ನೆನೆಸಿಕೊಂಡರೆ ನನಗೆ ಈಗಲೂ ನಗು ಬರುತ್ತದೆ. ಕುರಿ ಕಾಯುವವರು. ಮಗ ಕರೆದುಕೊಂಡು ಬಂದಿದ್ದ.

"ಅಪ್ಪಗ ಕಿವಿ ಕೇಳಂಗಿಲ್ರಿ. ತೋಳ ಬಂದು ನಾಯಿ ಬೊಗಳಿದ್ರೂ ಗೊತ್ತಾಗಂಗಿಲ್ಲ. ಕೇಳದವನ ಕೈಯಾಗ ಕುರಿ ಹ್ಯಾಂಗ ಬಿಡೂದ್ರಿ? ಮಾರಿ ಡಿಜೆ ಡಬ್ಬಿ ತರ್ತೀನಿ."

ಮದುವೆ ಮೆರವಣಿಗೆಯಲ್ಲಿ ಗೆಳೆಯನ ಡಿಜೆ ಹಾಕುವುದೇ ಅವನ ಕೆಲಸ. ಸ್ವಂತದ ದೊಡ್ಡ ಸ್ಪೀಕರ್ ಡಬ್ಬಿ ಬೇಕೆಂಬ ಆಸೆ. ಮುದುಕರ ಸೊಂಟದ ಚೀಲದಲ್ಲಿ ಮಂದೆಯ ಮುಂದೆ ನಡೆಯುವ ಟಗರಿನ ಗಂಟೆ ಇತ್ತು. ತಾನು ಇಲ್ಲಿಗೆ ಬಂದಾಗ ಮಗ ಯಾರಿಗಾದರೂ ಹೇಳಿ ಹಿಂದೆ ಟಗರು ಮಾರಿಸಿಬಿಟ್ಟರೆ ಎಂದು ಗಂಟೆಯನ್ನಾದರೂ ಬಿಚ್ಚಿಕೊಂಡು ಬಂದಿದ್ದರು!

ಅವರ ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗ ಗುಂಡಿ ಒತ್ತಿ ಎಂದು ಕೈಸನ್ನೆ ಮಾಡಿ ತೋರಿಸಿ, ನನಗೆ ಬೆನ್ನು ಮಾಡಿ ಕೂರಿಸಿದೆ. ಒಂದೂ ತಪ್ಪಲಿಲ್ಲ. ಹಿಂದಿನಿಂದ ಕೂಗಿದರೆ ತಿರುಗದ ಮನುಷ್ಯ, ಸೊಳ್ಳೆಯಷ್ಟು ಸಣ್ಣ ಸದ್ದಿಗೂ ಗುಂಡಿ ಒತ್ತುತ್ತಿದ್ದರು. ನನಗೆ ಸಂಶಯ ಬಂತು. ಸದ್ದು ಕೊಡದೆ ಮಷೀನಿನ ಮೇಲೆ ಬರೀ ಕೈ ಆಡಿಸಿದೆ. ಒತ್ತಿದರು! ಎದುರಿನ ಕಿಟಕಿ ಗಾಜಿನಲ್ಲಿ ನನ್ನ ಕೈ ಕಾಣುತ್ತಿತ್ತು.

ಸಿಕ್ಕಿಬಿದ್ದರೂ ಅವರಿಗೆ ನಾಚಿಕೆ ಇಲ್ಲ. "ಕೇಳ್ತದ ಅಂತ ಬರೀರಿ ತಾಯಿ. ಕುರಿ ಹೋದ್ರ ನಾ ಮುಂಜಾನೆದ್ದು ಎಲ್ಲಿಗೆ ಹೋಗ್ಲಿ?" ಎಂದರು. ಆದರೂ ಸುಳ್ಳು ಬರೆಯಲಾಗುತ್ತದೆಯೇ? ಕುರ್ಚಿ ತಿರುಗಿಸಿ ಮತ್ತೆ ಪರೀಕ್ಷೆ ಮಾಡಿದೆ. ಕಿವಿ ಮಂದವಾಗಿತ್ತು. ಕಿವಿಯಲ್ಲಿ ಇಡುವ ಮಷೀನ್ ಹಾಕಿದರೆ ಕೇಳುತ್ತದೆ ಎಂದು ಡಾಕ್ಟರರು ಹೇಳಿ, ಒಂದನ್ನು ಹಾಕಿ ನೋಡಲು ಕೊಟ್ಟರು. ಮುದುಕರು ಚೀಲದಿಂದ ಗಂಟೆ ತೆಗೆದು ಒಮ್ಮೆ ಆಡಿಸಿದರು. ಮತ್ತೊಮ್ಮೆ ಆಡಿಸಿದರು. ಕಣ್ಣು ತುಂಬಿ ಬಂತು.

ಮಗ ಬಿಡಲಿಲ್ಲ. "ಕಿವಿ ಹೋಗ್ಯಾದ ಅಂತ ಆತಲ್ಲ. ಕುರಿ ಮಾರೂದ ಖರೇ."

ಮುದುಕರು ಎದ್ದು ನಿಂತರು. "ಪರೀಕ್ಷಾ ಮಷೀನ ಸುಳ್ಳ ಇದ್ದೀತು. ಅವನನ್ನೂ ಕುಂದರಿಸಿ ನೋಡ್ರಿ."

ಮಗ ನಗುತ್ತ, ನನಗೆ ಬೆನ್ನು ಮಾಡಿ ಕುಳಿತ. ಸಣ್ಣ ಸದ್ದಿಗೆ ಗುಂಡಿ ಒತ್ತಲಿಲ್ಲ. ಸ್ವಲ್ಪ ಜೋರು ಮಾಡಿದೆ. ಆಗಲೂ ಇಲ್ಲ. ಮಷೀನೇ ಕೆಟ್ಟಿತೆಂದು ನನ್ನ ಕಿವಿಗೆ ಹಾಕಿ ನೋಡಿದೆ, ಸರಿಯಾಗಿಯೇ ಇತ್ತು. ಮತ್ತೆ ಪರೀಕ್ಷೆ ಮಾಡಿದರೂ ಅಷ್ಟೇ. ಡಿಜೆ ಡಬ್ಬಿಯ ಮುಂದೆ ನಿಂತು ನಿಂತು ಅವನ ಕಿವಿಯೂ ಹೋಗಿತ್ತು. ಹೋದದ್ದು ತಿರುಗಿ ಬರುವುದಿಲ್ಲ, ಇನ್ನಾದರೂ ಡಬ್ಬಿಯಿಂದ ದೂರ ಇರು ಎಂದರು ಡಾಕ್ಟರರು.

"ಅಪ್ಪ ನಿಮಗ ಮೊದಲ ಹೇಳಿಟ್ಟಾನೇನ್ರಿ?" ಎಂದ ಮಗ. ನಾನು ಪರೀಕ್ಷೆಯ ಚೀಟಿ ಅವನ ಮುಂದೆ ಇಟ್ಟೆ. ಅವನ ಮುಖ ಇಳಿಯಿತು. ಅಪ್ಪನ ಹತ್ತಿರ ಬಗ್ಗಿ ಮೆಲ್ಲಗೆ, "ಕುರಿ ಮಾರಂಗಿಲ್ಲ ಬಿಡು. ಊರಾಗ ಮಾತ್ರ ಹೇಳಬ್ಯಾಡ" ಎಂದ.

ಹೊಸ ಮಷೀನಿನಲ್ಲಿ ಮುದುಕರಿಗೆ ಆ ಪಿಸುಮಾತು ಚೆನ್ನಾಗಿ ಕೇಳಿಸಿತು. ಗಂಟೆಯನ್ನು ಚೀಲಕ್ಕೆ ಹಾಕಿಕೊಂಡು, ಮಗನ ಬೆನ್ನು ತಟ್ಟಿದರು.

"ಹೇಳಂಗಿಲ್ಲ ಬಿಡೋ. ಆದ್ರ ನೀನೂ ನನ್ನಂಗ ಬಾಯಾರ ಕೈ ನೋಡಬೇಕಾಗಿತ್ತು!"